ಹಿನ್ನೀರಿನ ರಾಜಹಂಸ ಮತ್ತು ಕ್ರಾಪಿನ ಲೆಕ್ಕ

ಆಲಮಟ್ಟಿ ಜಲಾಶಯ ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 519.60 ಮೀಟರ್. ಆ ಮಟ್ಟ ಇಳಿಯುತ್ತ ಬಂದಂತೆ ಬಾಗಲಕೋಟೆ, ಬೀಳಗಿ ಕಡೆಯ ಹಿನ್ನೀರಿನಲ್ಲಿ ಮೊಣಕಾಲುದ್ದದ ನೀರು, ಅದರ ಅಂಚಿಗೆ ಕೆಸರು ಉಳಿಯುತ್ತದೆ. ರಾಜಹಂಸ, ಅಂದರೆ ಫ್ಲೆಮಿಂಗೊ, ಮೇಯುವುದು ಇಂಥ ಕಡೆಯೇ. ನೋಡಲು ಹೋದವರ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಸಿಗುವುದು ಬಿಳಿ ಚುಕ್ಕೆಗಳ ಒಂದು ಸಾಲು. ‘ಮನೆಗೆ ಹೋಗಿ ಕ್ರಾಪ್ ಮಾಡಿದರಾಯಿತು’, ಅಂದರೆ ಚಿತ್ರದ ಬೇಡದ ಅಂಚು ಕತ್ತರಿಸಿದರಾಯಿತು ಎಂಬ ಧೈರ್ಯ ಎಲ್ಲರಿಗೂ ಇರುತ್ತದೆ. ಅದು ಎಷ್ಟು ದೂರ ನಡೆಯುತ್ತದೆ ಎಂದು ಲೆಕ್ಕ ಹಾಕಬಹುದು.

ಫುಲ್‌ಫ್ರೇಮ್ ಕ್ಯಾಮೆರಾ, 24 ಮೆಗಾಪಿಕ್ಸೆಲ್, 500 ಎಂಎಂ ಲೆನ್ಸ್ ಎಂದಿಟ್ಟುಕೊಳ್ಳಿ. 1.2 ಮೀಟರ್ ಎತ್ತರದ ಹಕ್ಕಿ 100 ಮೀಟರ್ ದೂರದಲ್ಲಿದ್ದರೆ ಸೆನ್ಸರ್ (ಬೆಳಕು ಹಿಡಿಯುವ ಫಲಕ) ಮೇಲೆ ಬೀಳುವ ಅದರ ಬಿಂಬ 6 ಮಿಲಿಮೀಟರ್. ಸೆನ್ಸರಿನ ಎತ್ತರ 24 ಮಿಲಿಮೀಟರ್, 4000 ಪಿಕ್ಸೆಲ್. ಹಕ್ಕಿಯ ಪಾಲಿಗೆ ಬಂದದ್ದು 1000. ಅದು ಚಿತ್ರದ ಎತ್ತರದ ಮೂರರಲ್ಲಿ ಎರಡು ಪಾಲು ತುಂಬುವಂತೆ ಕತ್ತರಿಸಿದರೆ ಉಳಿಯುವುದು 2250 × 1500 ಪಿಕ್ಸೆಲ್. ಮೊಬೈಲಿಗೆ ಧಾರಾಳ, ಇಂಚಿಗೆ 300 ಪಿಕ್ಸೆಲ್‌ನಂತೆ ಮುದ್ರಿಸಿದರೆ ಏಳೂವರೆ ಇಂಚು ಅಗಲದ ಚಿತ್ರ, ಅಷ್ಟೆ. 50 ಮೀಟರಿನಿಂದ ತೆಗೆದಿದ್ದರೆ ಇದೇ ಕ್ರಾಪ್ 15 ಇಂಚಿನದಾಗುತ್ತಿತ್ತು.

ಹಾಗಂತ ಹಕ್ಕಿಯತ್ತ ನುಗ್ಗಬಾರದು. ಹಿಂಡೆಲ್ಲ ಒಮ್ಮೆಲೇ ತಲೆ ಎತ್ತಿ, ಒಂದೇ ದಿಕ್ಕಿಗೆ ನಡೆಯತೊಡಗಿತೆಂದರೆ ನೀವು ಆಗಲೇ ಹೆಚ್ಚು ಹತ್ತಿರ ಬಂದಿದ್ದೀರಿ. ಅಲ್ಲೇ ಕೂತುಬಿಡಿ. ನೀರಿನ ಮೇಲೆ ಓಡಿ ಓಡಿ ಮೇಲೇಳಬೇಕಾದ ಹಕ್ಕಿಯನ್ನು ಫೋಟೊಕ್ಕಾಗಿ ಎಬ್ಬಿಸುವುದು ಬರೀ ಹಿಂಸೆ. ಮೊದಲೇ ಬಂದು ದಂಡೆಯಲ್ಲಿ ಮಲಗಿದ್ದರೆ ಮೇಯುತ್ತ ಅವೇ ಹತ್ತಿರ ಬರುವುದುಂಟು.

ಯಾವ ದಂಡೆ ಎಂಬುದನ್ನು ಗಾಳಿಯನ್ನು ಕೇಳಬೇಕು. ಹಕ್ಕಿಗಳು ಏಳುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಚಳಿಗಾಲದಲ್ಲಿ ನಮ್ಮ ಕಡೆ ಹೆಚ್ಚಾಗಿ ಮೂಡಗಾಳಿ. ಬೆಳಗ್ಗೆ ಪೂರ್ವದ ದಂಡೆಯಲ್ಲಿದ್ದರೆ ಸೂರ್ಯನೂ ಗಾಳಿಯೂ ನಿಮ್ಮ ಬೆನ್ನಿಗೆ; ಹಕ್ಕಿ ಮುಖಕ್ಕೆ ಬೆಳಕು ಹೊತ್ತು ನಿಮ್ಮತ್ತಲೇ ಇಳಿಯುತ್ತದೆ. ಸಂಜೆ ಪಶ್ಚಿಮದ ದಂಡೆಯಲ್ಲೂ ಬೆಳಕು ಚೆನ್ನಾಗಿರುತ್ತದೆ, ಆದರೆ ಇಳಿಯುವ ಹಕ್ಕಿಯ ಬಾಲವೇ ಕಾಣುತ್ತದೆ.

ಬಿಸಿಲೇರಿತೆಂದರೆ ಕೆಲಸ ಮುಗಿಯಿತು. ಕಾದ ಎರಿ ಮಣ್ಣಿನ ಮೇಲಿನ ಗಾಳಿ ಪದರ ಪದರವಾಗಿ ಕಲಕಿ ಬೆಳಕನ್ನು ಒಂದೊಂದು ಕ್ಷಣಕ್ಕೆ ಒಂದೊಂದು ಬಗೆಯಾಗಿ ಬಾಗಿಸುತ್ತದೆ. ಬಿಸಿಲುಗುದುರೆ ಕಾಣಿಸುವ ಹೊತ್ತಿನಲ್ಲಿ ಎಷ್ಟು ದುಬಾರಿ ಲೆನ್ಸ್ ಇದ್ದರೂ ಗರಿಯ ಅಂಚು ಕರಗಿಹೋಗಿರುತ್ತದೆ. ಇದನ್ನು ಫೋಕಸ್ ತಪ್ಪಿದ್ದೆಂದು ತಿಳಿದು ಕ್ಯಾಮೆರಾ ರಿಪೇರಿಗೆ ಕೊಡುವವರಿದ್ದಾರೆ.

ಲೆನ್ಸ್ ನೀರಿನ ಮಟ್ಟಕ್ಕೆ ಇಳಿದಷ್ಟೂ ಹಿನ್ನೆಲೆ ದೂರ ಸರಿದು ಮಸುಕಾಗುತ್ತದೆ. ಟ್ರೈಪಾಡ್ ಕಾಲು ಕೆಸರಿನಲ್ಲಿ ಹೂತುಹೋಗುವುದರಿಂದ ಎರಡು ಕಿಲೊ ಜೋಳ ತುಂಬಿದ ಬಟ್ಟೆಚೀಲವೇ ಒಳ್ಳೆಯ ಆಸರೆ. ನಿಂತ ಹಕ್ಕಿಗೆ ಶಟರ್ ವೇಗ 1/1000 ಸೆಕೆಂಡ್, ಹಾರುವುದಕ್ಕೆ 1/2000 ಅಥವಾ ಇನ್ನೂ ವೇಗ, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/6.3ರಿಂದ 8, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) ಆಟೊ. ಕಪ್ಪು ನೀರು ಕಂಡ ಕ್ಯಾಮೆರಾ ಬೆಳಕು ಹೆಚ್ಚಿಸಿ ಬಿಳಿ ಗರಿಯನ್ನು ಸುಣ್ಣದ ಗೋಡೆ ಮಾಡಿಬಿಡುತ್ತದೆ. ಹೀಗಾಗಿ ಎಕ್ಸ್‌ಪೋಷರ್ 0.7ರಿಂದ 1 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ), ಹಿಸ್ಟೊಗ್ರಾಂ, ಅಂದರೆ ಬೆಳಕಿನ ಹಂಚಿಕೆಯ ನಕ್ಷೆ, ಬಲತುದಿಗೆ ಗುದ್ದಿಲ್ಲವೆಂದು ನೋಡಿಕೊಳ್ಳಿ. ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ರಾ ಫೈಲೇ ಬೇಕು: 14 ಬಿಟ್‌ನಲ್ಲಿ ಪ್ರತಿ ಬಣ್ಣಕ್ಕೆ 16,384 ಹಂತ, ಜೆಪೆಗ್‌ನಲ್ಲಿ 256. ಆದರೂ ಪೂರ್ತಿ ಬೆಳ್ಳಗಾದ ಕಡೆ ಹೈಲೈಟ್ ಸ್ಲೈಡರ್ ಎಳೆದರೆ ಗರಿ ಬರುವುದಿಲ್ಲ, ಬೂದು ಬರುತ್ತದೆ.

ಎಡಿಟಿಂಗ್‌ಗೆ ಲೈಟ್‌ರೂಮ್ ಆದೀತು, ಉಚಿತವಾಗಿ ಸಿಗುವ ಡಾರ್ಕ್‌ಟೇಬಲ್ ಕೂಡ ಆದೀತು. ಮೊದಲ ಕೆಲಸ ಓರೆ ತೆಗೆಯುವುದು. ಇಲ್ಲಿ ದಂಡೆಯ ಗೆರೆಯನ್ನು ನಂಬಬೇಡಿ, ಅದು ದೂರಕ್ಕೆ ಸರಿಯುತ್ತ ತಾನೇ ಓರೆಯಾಗಿ ಕಾಣುತ್ತದೆ. ಹಕ್ಕಿಯ ಕಣ್ಣು ಮತ್ತು ನೀರಿನ ಬಿಂಬದಲ್ಲಿರುವ ಅದೇ ಕಣ್ಣು ಒಂದೇ ಲಂಬಗೆರೆಯ ಮೇಲೆ ಬರುವಂತೆ ತಿರುಗಿಸಿ. ಚಿತ್ರ ತಾನಾಗಿ ನೆಟ್ಟಗಾಗುತ್ತದೆ. ಆಮೇಲೆ ಕ್ರಾಪ್. ಕೊಕ್ಕಿನ ಮುಂದೆ ಜಾಗ ಬಿಡುವುದು ಎಲ್ಲರಿಗೂ ಗೊತ್ತು, ಕಾಲಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಮೊಣಕಾಲಿನಂತೆ ಕಾಣುತ್ತ ಹಿಂದಕ್ಕೆ ಮಡಚುವ ಆ ಗಂಟು ನಿಜಕ್ಕೂ ಪಾದದ ಗಂಟು. ಚೌಕಟ್ಟು ಸರಿಯಾಗಿ ಅಲ್ಲೇ ಕತ್ತರಿಸಿದರೆ ಹಕ್ಕಿ ಹೆಳವಾದಂತೆ ಕಾಣುತ್ತದೆ. ಬಿಂಬವನ್ನೂ ಅರ್ಧಕ್ಕೆ ಕೊಯ್ಯಬೇಡಿ. ಸಾಲಿಗೆ 16:9 ಒಪ್ಪುತ್ತದೆ, ಒಂಟಿ ಹಕ್ಕಿಗೆ ನಿಂತ 4:5. ಕೊಕ್ಕು ನೀರಿನಲ್ಲಿ ಮುಳುಗಿದ ಹಕ್ಕಿಗೆ ಮುಖವೇ ಇರುವುದಿಲ್ಲ. ತಲೆ ಎತ್ತಿ ಕೊಕ್ಕಿನಿಂದ ನೀರು ಸೋರುವ ಫ್ರೇಮನ್ನು ಆರಿಸಿ.

ನಾಯ್ಸ್ (ಚಿತ್ರದ ಕಾಳುಕಾಳು) ತೆಗೆಯುವುದು ಮೊದಲು, ಶಾರ್ಪನಿಂಗ್ (ಅಂಚು ಚೂಪು ಮಾಡುವುದು) ಕಟ್ಟಕಡೆಗೆ: ಉದ್ದದ ಬದಿ 2048 ಪಿಕ್ಸೆಲ್‌ಗೆ ಇಳಿಸಿದ ಮೇಲೆ, ಮಾಸ್ಕ್ ಹಾಕಿ ಹಕ್ಕಿಗೆ ಮಾತ್ರ. ನೀರಿಗೂ ಹಾಕಿದರೆ ಅಲೆಯ ಬದಲು ಮರಳು ಕಾಣುತ್ತದೆ.

ಕೈ ತಡೆಯದೆ ಹೋಗುವುದು ಗುಲಾಬಿ ಬಣ್ಣದ ಮೇಲೆ. ತಿನ್ನುವ ಪಾಚಿ, ಸಣ್ಣ ಜಲಜೀವಿಗಳಲ್ಲಿರುವ ಕೆರೊಟಿನಾಯ್ಡ್ ಎಂಬ ವರ್ಣದ್ರವ್ಯದಿಂದ ಆ ರಂಗು. ದೊಡ್ಡ ರಾಜಹಂಸದ ಮೈ ತಿಳಿಗುಲಾಬಿ, ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಕಿರು ರಾಜಹಂಸದ ಮೈ ಗಾಢ, ಕೊಕ್ಕು ಇಡಿಯಾಗಿ ಕಡುಗೆಂಪು. ಸ್ಯಾಚುರೇಷನ್ (ಬಣ್ಣದ ಗಾಢತೆ) 30 ಏರಿಸಿದರೆ ಮೊದಲನೆಯದು ಎರಡನೆಯದರಂತೆ ಕಾಣತೊಡಗುತ್ತದೆ. ಹಿಂಡಿನಲ್ಲಿ ಬೂದುಗಂದು ಬಣ್ಣದ ಹಕ್ಕಿಗಳಿದ್ದರೆ ಅವು ಕೊಳೆಯಾದವಲ್ಲ, ಇನ್ನೂ ರಂಗೇರದ ಎಳೆಯವು. ವೈಟ್ ಬ್ಯಾಲೆನ್ಸ್ ತಿದ್ದುವಾಗ ಅವು ಬೂದಾಗಿಯೇ ಉಳಿದಿವೆಯೇ ಎಂದು ನೋಡಿಕೊಳ್ಳಿ.