ಕಂಪ್ಯೂಟರ್ ಕಾಡಿನಲ್ಲಿ ಯಾವ ಗಿಡ ಸಾಯಬೇಕು?

ಗ್ರಾಫಿಕ್ಸ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೊಂದು ಕಾಡು ಮಾಡಿದ್ದೆ. ಒಂದು ಗುಡ್ಡ, ಅದರ ಮೇಲೆ 4,000 ಮರ. ತೊಗಟೆಯಲ್ಲಿ ಬಿರುಕು, ಎಲೆಯಲ್ಲಿ ನರ, ಎಲ್ಲ ಇತ್ತು. ನಮ್ಮ ಮೇಲ್ವಿಚಾರಕರು ಪರದೆ ನೋಡಿ, "ಪಾರ್ಕ್ ಚೆನ್ನಾಗಿದೆ. ಕಾಡು ಯಾವಾಗ ಕೊಡ್ತೀರಿ?" ಅಂದರು.

ನಾನು ಮರಗಳನ್ನು ರಾಂಡಮ್ ಆಗಿ ಎರಚಿದ್ದೆ. ಕಾಡಲ್ಲಿ ಮರ ಹೇಗೆ ಬೇಕೋ ಹಾಗಿರುತ್ತದೆ ಅಲ್ವಾ ಅನ್ನೋದು ನನ್ನ ಲೆಕ್ಕ. ಹಾಗೆ ಎರಚಿದರೆ ಒಂದು ಕಡೆ ಎರಡು ಬೊಡ್ಡೆ ಒಂದರೊಳಗೊಂದು ನುಗ್ಗುತ್ತವೆ, ಪಕ್ಕದಲ್ಲೇ ಕಾರಣವಿಲ್ಲದೆ ಖಾಲಿ ಜಾಗ. ಸರಿ, ಎರಡು ಮರದ ನಡುವೆ ಕನಿಷ್ಠ ಇಷ್ಟು ದೂರ ಇರಲಿ ಎಂದು ನಿಯಮ ಹಾಕಿದೆ. ಇದನ್ನು ಪಾಯ್ಸಾನ್ ಡಿಸ್ಕ್ ವಿಧಾನ ಎನ್ನುತ್ತೇವೆ. ಈಗ ನುಗ್ಗಾಟ ನಿಂತಿತು, ಆದರೆ ಅಡಿಕೆ ತೋಟ ನೋಡಿದ ಹಾಗಾಯಿತು. ಯಾರೋ 9 ಅಡಿಗೊಂದು ಗುಣಿ ತೋಡಿ ನೆಟ್ಟಂತೆ.

ದಾರಿ ಸಿಕ್ಕಿದ್ದು 1998ರ ಒಂದು ಪ್ರಬಂಧದಲ್ಲಿ. ಆಲಿವರ್ ಡಾಯ್ಸನ್, ಪ್ರೆಮಿಸ್ವಾವ್ ಪ್ರುಸಿಂಕಿವಿಚ್ ಮತ್ತು ಸಂಗಡಿಗರು ಕಂಪ್ಯೂಟರ್ ಗ್ರಾಫಿಕ್ಸ್‌ನವರ ಸಿಗ್ರಾಫ್ ಸಮ್ಮೇಳನದಲ್ಲಿ ಮಂಡಿಸಿದ್ದು. ಅವರ ಉಪಾಯ ಎಷ್ಟು ಸರಳ ಅಂದರೆ ಓದಿದಾಗ ನನಗೆ ನಾಚಿಕೆಯಾಯಿತು. ಪ್ರತಿ ಗಿಡವೂ ನೆಲದ ಮೇಲೆ ಒಂದು ವೃತ್ತ. ವರ್ಷ ಕಳೆದಂತೆ ವೃತ್ತ ಹಿಗ್ಗುತ್ತದೆ. ಎರಡು ವೃತ್ತ ತಾಗಿದರೆ ಬಲ ಕಡಿಮೆ ಇರುವುದು ಸಾಯುತ್ತದೆ. ಯಾರಿಗೆ ಬಲ ಜಾಸ್ತಿ ಎಂಬುದನ್ನು ನೆಲ ತೀರ್ಮಾನಿಸುತ್ತದೆ: ಹಳ್ಳದ ಬದಿಯಲ್ಲಿ ನೀರು ಬೇಡುವ ಜಾತಿ ಗೆಲ್ಲುತ್ತದೆ, ಒಣ ದಿಬ್ಬದಲ್ಲಿ ಇನ್ನೊಂದು. ಬೀಜ ತಾಯಿಗಿಡದ ಹತ್ತಿರವೇ ಬೀಳುವುದರಿಂದ ಗುಂಪುಗಳೂ ತಾವಾಗೇ ಮೂಡುತ್ತವೆ. ಅಂದರೆ ಮರವನ್ನು ಎಲ್ಲಿಡಬೇಕು ಎಂದು ನಾವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೇಕಾದಷ್ಟು ಬೀಜ ಚೆಲ್ಲಿ, ಯಾವುದು ಸಾಯಬೇಕು ಅನ್ನುವ ನಿಯಮ ಬರೆದರೆ ಸಾಕು.

ಸಾಯುವ ಲೆಕ್ಕ ಸರಿಯಿದೆಯೇ ಎಂದು ನೋಡಲು ಸಸ್ಯ ವಿಜ್ಞಾನದ ಒಂದು ಹಳೇ ನಿಯಮವನ್ನು ಇಟ್ಟುಕೊಂಡಿದ್ದೇನೆ. 1963ರಲ್ಲಿ ಜಪಾನಿನ ಯೋಡಾ ಮತ್ತು ಸಂಗಡಿಗರು ಕೊಟ್ಟಿದ್ದು. ಒಂದೇ ವಯಸ್ಸಿನ ಗಿಡಗಳು ಒತ್ತೊತ್ತಾಗಿ ಬೆಳೆಯುವಾಗ, ಅವುಗಳ ಸಂಖ್ಯೆ ಕಾಲು ಭಾಗಕ್ಕೆ ಇಳಿಯುವಷ್ಟರಲ್ಲಿ ಉಳಿದವುಗಳ ಸರಾಸರಿ ತೂಕ ಸುಮಾರು 8 ಪಟ್ಟು ಆಗಿರುತ್ತದೆ. ನನ್ನ ಕಾಡು ಈ ಲೆಕ್ಕದಿಂದ ತೀರಾ ದೂರ ಹೋದರೆ ನಿಯಮ ಎಲ್ಲೋ ತಪ್ಪಿದೆ ಎಂದರ್ಥ.

ಇಷ್ಟಾದರೂ ಕಣ್ಣಿಗೆ ಏನೋ ಚುಚ್ಚುತ್ತಿತ್ತು. ನಾವು ಲೈಬ್ರರಿಯಿಂದ ತರುವ ಮರದ ಮಾಡೆಲ್‌ಗಳು ಬಹುತೇಕ ಬಯಲಲ್ಲಿ ಒಂಟಿಯಾಗಿ ಬೆಳೆದ ಮರಗಳು. ಹೊಲದ ಬದುವಿನ ಮಾವು ಕೊಡೆಯ ಹಾಗೆ ಹರಡಿರುತ್ತದೆ. ಘಟ್ಟದ ಕಾಡುಮಾವು ಕಂಬದಂತೆ ನೆಟ್ಟಗೆ ಹೋಗಿ, ತುದಿಯಲ್ಲಿ ಮಾತ್ರ ಸೊಪ್ಪು ಹೊತ್ತಿರುತ್ತದೆ. ನೆರಳಿಗೆ ಸಿಕ್ಕ ಕೆಳಗಿನ ಕೊಂಬೆಗಳು ಒಣಗಿ ಉದುರಿರುತ್ತವೆ. ಕೊಡೆಮಾವನ್ನು ಸಾವಿರ ಸಲ ಒತ್ತಿದರೆ ಪಾರ್ಕೇ ಆಗುತ್ತದೆ.

ಅದಕ್ಕೇ ಮರದ ಆಕಾರವನ್ನೂ ಬೆಳೆಸಿಯೇ ಪಡೆಯಬೇಕು. 1968ರಲ್ಲಿ ಜೀವವಿಜ್ಞಾನಿ ಅರಿಸ್ಟಿಡ್ ಲಿಂಡನ್‌ಮಾಯರ್ ಕೊಟ್ಟ ಎಲ್-ಸಿಸ್ಟಮ್ ಇದಕ್ಕೆ ಬುನಾದಿ: ಒಂದು ಚಿಹ್ನೆಯ ಜಾಗದಲ್ಲಿ ಹಲವು ಚಿಹ್ನೆ ಬರೆಯುತ್ತಾ ಹೋದರೆ ಕವಲು ಒಡೆಯುತ್ತದೆ. ಆದರೆ ಬರೀ ನಿಯಮಕ್ಕೆ ಪಕ್ಕದ ಮರ ಕಾಣುವುದಿಲ್ಲ. ನನಗೆ ಹೆಚ್ಚು ಇಷ್ಟವಾದದ್ದು 2009ರ ಸುಮಾರಿಗೆ ಬಂದ ವಿಧಾನ. ಜಾಗವನ್ನು ಸಣ್ಣ ಸಣ್ಣ ಘನಗಳಾಗಿ ಹೋಳು ಮಾಡಿ, ಪ್ರತಿ ಮೊಗ್ಗು ತನ್ನ ಕೆಳಗಿನ ಘನಗಳಿಗೆ ಸ್ವಲ್ಪ ನೆರಳು ಹಾಕುವಂತೆ ಮಾಡುತ್ತಾರೆ. ಬೆಳಕು ಸಿಕ್ಕ ಮೊಗ್ಗು ಚಿಗುರುತ್ತದೆ, ಸಿಗದ ಕೊಂಬೆ ಉದುರುತ್ತದೆ. ಕಾಡುಮಾವಿನ ಕಂಬ ತಾನಾಗೇ ಬರುತ್ತದೆ.

ಇಷ್ಟೂ ಮರಗಳನ್ನು ಬೇರೆ ಬೇರೆಯಾಗಿ ಮೆಮೊರಿಯಲ್ಲಿ ಇಡಲು ಹೋದರೆ ಮೆಷಿನ್ ಕೈ ಎತ್ತುತ್ತದೆ. ಇಲ್ಲಿ ಸಹಾಯಕ್ಕೆ ಬರುವುದು ಇನ್‌ಸ್ಟೆನ್ಸಿಂಗ್: ಆಕಾರ ಒಂದೇ ಸಲ ಇಟ್ಟುಕೊಂಡು, ಪ್ರತಿ ಮರಕ್ಕೂ ಜಾಗ, ದಿಕ್ಕು, ಅಳತೆ ಮಾತ್ರ ಬರೆದಿಡುವುದು. ಡಿಸ್ನಿ ಸಂಸ್ಥೆ 2018ರಲ್ಲಿ 'ಮೊವಾನಾ' ಚಿತ್ರದ ದ್ವೀಪದ ದೃಶ್ಯವನ್ನು ಸಂಶೋಧಕರಿಗೆ ಬಿಟ್ಟುಕೊಟ್ಟಿತು. ಇನ್‌ಸ್ಟೆನ್ಸ್‌ಗಳನ್ನೆಲ್ಲ ಬಿಡಿಸಿ ಎಣಿಸಿದರೆ ಅದರಲ್ಲಿ ಸುಮಾರು 1,500 ಕೋಟಿ ಆಕಾರದ ತುಣುಕುಗಳಿವೆ. ನಾನು ಒಂದು ಜಾತಿಗೆ ಎಂಟು ಹತ್ತು ಆಕಾರ ಇಟ್ಟುಕೊಳ್ಳುತ್ತೇನೆ, ಅಂಚಿನದು ಬೇರೆ, ಒಳಗಿನದು ಬೇರೆ. ಅದಕ್ಕಿಂತ ಜಾಸ್ತಿ ಮಾಡಿದರೆ ಯಾರೂ ಗುರುತಿಸಲ್ಲ.

ಆ ಗುಡ್ಡಕ್ಕೆ ಮತ್ತೆ ಬೀಜ ಚೆಲ್ಲಿದೆ. ಈ ಸಲ 20,000. ನೂರಿಪ್ಪತ್ತು ವರ್ಷ ಓಡಿಸಿದಾಗ ಎರಡು ಸಾವಿರ ಚಿಲ್ಲರೆ ಉಳಿದವು. ಸತ್ತವುಗಳಲ್ಲಿ ಕೆಲವನ್ನು ಒಣಬೊಡ್ಡೆಯಾಗಿ ಅಲ್ಲೇ ಬಿಟ್ಟೆ. ನಡುವೆ ಒಂದು ದೊಡ್ಡ ಮರ ಬಿದ್ದ ಕಡೆ ಬೆಳಕು ಇಳಿದು, ಎಳೆ ಗಿಡಗಳು ನೂಕಾಡುತ್ತಿದ್ದವು. ಅದನ್ನು ನಾನು ಇಟ್ಟಿರಲಿಲ್ಲ. ಮೇಲ್ವಿಚಾರಕರು ತುಂಬಾ ಹೊತ್ತು ನೋಡಿದರು. "ಕಾಡು ಬಂತು. ಆದರೆ ಹೀರೋ ಎಲ್ಲಿ ಓಡಬೇಕು?"

ಆ ಸಂಜೆ ಕೂತು ಮೂವತ್ತು ಮರ ಕೈಯಲ್ಲೇ ಅಳಿಸಿದೆ.