ಶಿಕ್ಷೆ ಮುಗಿದ ಮೇಲೂ ಮೀನುಗಾರರು ಏಕೆ ಜೈಲಿನಲ್ಲಿ?

ಓದುಗರ ಪ್ರಶ್ನೆ: ಭಾರತ ಮತ್ತು ಪಾಕಿಸ್ತಾನ ಕೈದಿಗಳ ಪಟ್ಟಿಯನ್ನು ವಿನಿಮಯ ಮಾಡಿಕೊಂಡವು ಎಂಬ ಸುದ್ದಿ ಪ್ರತಿ ವರ್ಷ ಜನವರಿ ಮತ್ತು ಜುಲೈನಲ್ಲಿ ಬರುತ್ತದೆ. ಶಿಕ್ಷೆ ಪೂರೈಸಿದ ಮೀನುಗಾರರನ್ನು ಬೇಗ ಬಿಡುವಂತೆ ಭಾರತ ಕೇಳಿಕೊಂಡಿದೆ ಎಂಬ ಸಾಲೂ ಅದರಲ್ಲಿರುತ್ತದೆ. ಶಿಕ್ಷೆ ಮುಗಿದಿದ್ದರೆ ಕೇಳಿಕೊಳ್ಳುವುದೇನಿದೆ? ತಾನಾಗಿಯೇ ಬಿಡುಗಡೆ ಆಗಬೇಕಲ್ಲವೇ?

ಆಗಬೇಕು. ಹಾಗೆಂದು ಎರಡೂ ಸರ್ಕಾರಗಳು ಬರೆದು ಸಹಿ ಹಾಕಿವೆ. 2008ರ ಮೇ 21ರಂದು ಆದ ಕಾನ್ಸುಲರ್ ಸಂಪರ್ಕ ಒಪ್ಪಂದ ಬಹಳ ಚಿಕ್ಕದು, ಒಂದೇ ಉಸಿರಿಗೆ ಓದಿ ಮುಗಿಸಬಹುದು. ಒಬ್ಬರ ಪ್ರಜೆಯನ್ನು ಇನ್ನೊಬ್ಬರು ಬಂಧಿಸಿದರೆ ತಕ್ಷಣ ತಿಳಿಸಬೇಕು. ಮೂರು ತಿಂಗಳೊಳಗೆ ಅವರ ಹೈಕಮಿಷನ್, ಅಂದರೆ ರಾಯಭಾರ ಕಚೇರಿಯ ಅಧಿಕಾರಿಗಳು ಕೈದಿಯನ್ನು ಕಂಡು ಮಾತನಾಡಲು ಬಿಡಬೇಕು. ಶಿಕ್ಷೆ ಮುಗಿದು, ಅವನು ಯಾವ ದೇಶದವನೆಂದು ಖಚಿತವಾದ ಒಂದು ತಿಂಗಳೊಳಗೆ ಊರಿಗೆ ಕಳುಹಿಸಬೇಕು. ವರ್ಷಕ್ಕೆ ಎರಡು ಬಾರಿ, ಜನವರಿ 1 ಮತ್ತು ಜುಲೈ 1ರಂದು, ತಮ್ಮ ಜೈಲುಗಳಲ್ಲಿರುವ ಆಚೆ ದೇಶದವರ ಪಟ್ಟಿಯನ್ನು ಕೊಡಬೇಕು. ಈ ಕೊನೆಯ ಕಲಮನ್ನು ಎರಡೂ ಕಡೆಯವರು ಶ್ರದ್ಧೆಯಿಂದ ಪಾಲಿಸುತ್ತಾರೆ. 2025ರ ಮೇ ತಿಂಗಳಲ್ಲಿ ನಾಲ್ಕು ದಿನ ಸೇನೆಗಳು ಕಾದಾಡಿದವು. ಜುಲೈ 1ರಂದು ಪಟ್ಟಿ ಮಾತ್ರ ತಪ್ಪದೆ ಕೈ ಬದಲಾಯಿತು.

ಪಟ್ಟಿ ತಪ್ಪುವುದಿಲ್ಲ, ಬಿಡುಗಡೆ ತಪ್ಪುತ್ತದೆ. ಆ ಜುಲೈ ಪಟ್ಟಿಯ ಪ್ರಕಾರ ಪಾಕಿಸ್ತಾನದ ವಶದಲ್ಲಿ ಭಾರತೀಯರು ಅಥವಾ ಭಾರತೀಯರೆಂದು ನಂಬಲಾದ 193 ಮೀನುಗಾರರು ಮತ್ತು 53 ಇತರ ನಾಗರಿಕ ಕೈದಿಗಳಿದ್ದರು. ಅವರಲ್ಲಿ 159 ಮಂದಿಯ ಶಿಕ್ಷೆ ಆಗಲೇ ಮುಗಿದಿತ್ತು. ಮೂವರಲ್ಲಿ ಇಬ್ಬರು, ಹೆಚ್ಚುಕಡಿಮೆ, ನ್ಯಾಯಾಲಯ ಹೇಳಿದಷ್ಟು ದಿನ ಕಳೆದ ಮೇಲೂ ಅದೇ ಕಂಬಿಗಳ ಹಿಂದೆ ಇದ್ದರು. ಭಾರತದ ವಶದಲ್ಲಿದ್ದ ಪಾಕಿಸ್ತಾನಿಯರು 382 ನಾಗರಿಕ ಕೈದಿಗಳು ಮತ್ತು 81 ಮೀನುಗಾರರು. ನಮ್ಮ ಕಡೆಯ ಲೆಕ್ಕವೂ ಚೊಕ್ಕವಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಇವರು ಸಿಕ್ಕಿಬೀಳುವುದು ಹೇಗೆ ಎಂದು ನೋಡೋಣ, ಏಕೆಂದರೆ ಗಂಟು ಬಿದ್ದಿರುವುದು ಅಲ್ಲಿಯೇ. ಗುಜರಾತಿನ ಕಚ್ಛ್ ಮತ್ತು ಪಾಕಿಸ್ತಾನದ ಸಿಂಧ್ ನಡುವೆ ಸುಮಾರು 96 ಕಿಲೋಮೀಟರ್ ಉದ್ದದ ಸರ್ ಕ್ರೀಕ್ ಎಂಬ ಅಳಿವೆಯಿದೆ. ಕೆಸರು, ಜವುಗು, ಭರತಕ್ಕೆ ಮುಳುಗಿ ಇಳಿತಕ್ಕೆ ಏಳುವ ನೆಲ. ಅಳಿವೆಯ ಪೂರ್ವದ ದಡವೇ ಗಡಿ ಎಂದು ಪಾಕಿಸ್ತಾನ ಹೇಳುತ್ತದೆ, ನೀರಿನ ನಡುಮಧ್ಯೆ ಗಡಿ ಎಂದು ಭಾರತ ಹೇಳುತ್ತದೆ. ಇಬ್ಬರೂ ಆಧಾರವಾಗಿ ತೋರಿಸುವುದು 1914ರ ಮುಂಬಯಿ ಸರ್ಕಾರದ ಒಂದೇ ನಿರ್ಣಯವನ್ನು. ಅಳಿವೆಯ ಬಾಯಿ ಯಾರದೆಂದು ತೀರ್ಮಾನವಾಗದೆ ಅಲ್ಲಿಂದ ಅರಬ್ಬಿ ಸಮುದ್ರದೊಳಕ್ಕೆ ಗೆರೆ ಎಳೆಯಲಾಗುವುದಿಲ್ಲ. ಹಾಗಾಗಿ ಎರಡು ದೇಶಗಳ ನಡುವೆ ಇಬ್ಬರೂ ಒಪ್ಪಿದ ಕಡಲ ಗಡಿ ಇಂದಿಗೂ ಇಲ್ಲ.

ಪೋರಬಂದರ್, ವೆರಾವಳ್, ಓಖಾ, ದೀವ್ ಕಡೆಯ ದೋಣಿಗಳು ಮೀನು ಅರಸಿ ಉತ್ತರಕ್ಕೆ ಸಾಗುತ್ತವೆ. ದಡದ ಹತ್ತಿರ ಮೀನು ಕಡಿಮೆಯಾಗಿದೆ, ಅಳಿವೆಯ ಸುತ್ತ ಇನ್ನೂ ಉಂಟು. ಕರಾಚಿಯ ಇಬ್ರಾಹಿಂ ಹೈದರಿಯ ದೋಣಿಗಳು ಅದೇ ಕಾರಣಕ್ಕೆ ದಕ್ಷಿಣಕ್ಕೆ ಬರುತ್ತವೆ. ಬಲೆ ಬಿಟ್ಟ ರಾತ್ರಿ ಗಾಳಿ ದಿಕ್ಕು ಬದಲಿಸಿದರೆ, ಎಂಜಿನ್ ಕೆಟ್ಟರೆ, ಇಲ್ಲವೇ ದೋಣಿ ನಡೆಸುವ ತಾಂಡೇಲನೇ ಇನ್ನೊಂದಿಷ್ಟು ಮುಂದೆ ಹೋಗೋಣ ಎಂದರೆ, ಬೆಳಗಾಗುವ ಹೊತ್ತಿಗೆ ಎದುರಿಗೆ ಪಾಕಿಸ್ತಾನದ ಕಡಲ ಭದ್ರತಾ ಸಂಸ್ಥೆಯ ಹಡಗು ನಿಂತಿರುತ್ತದೆ. ಆಚೆಯವರಿಗಾದರೆ ನಮ್ಮ ಕರಾವಳಿ ಕಾವಲು ಪಡೆಯ ಹಡಗು. ಕೂಲಿಗೆ ಬಂದವನು ಗೆರೆ ಎಲ್ಲಿದೆಯೆಂದು ತಿಳಿದು ದಾಟಿರುವುದು ಅಪರೂಪ. ಆದರೆ ಹಿಡಿದಾಗ ಎಲ್ಲರಿಗೂ ಒಂದೇ ಕೋಳ.

ಇಲ್ಲಿ ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಬೇಕು. ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 73ನೇ ವಿಧಿಯ ಪ್ರಕಾರ, ಒಂದು ದೇಶದ ವಿಶೇಷ ಆರ್ಥಿಕ ವಲಯದಲ್ಲಿ (ದಡದಾಚೆ ಮೀನಿನ ಮೇಲೆ ಆ ದೇಶಕ್ಕೆ ಹಕ್ಕಿರುವ ಕಡಲಿನಲ್ಲಿ) ಮೀನುಗಾರಿಕೆಯ ನಿಯಮ ಮುರಿದವರನ್ನು, ಆ ದೇಶಗಳ ನಡುವೆ ಬೇರೆ ಒಪ್ಪಂದ ಇಲ್ಲದಿದ್ದರೆ, ಜೈಲಿಗೆ ಹಾಕುವಂತಿಲ್ಲ. ತಕ್ಕ ಜಾಮೀನು ಪಡೆದು ದೋಣಿಯನ್ನೂ ಜನರನ್ನೂ ಬೇಗ ಬಿಡಬೇಕು. ಭಾರತ 1995ರಲ್ಲಿ, ಪಾಕಿಸ್ತಾನ 1997ರಲ್ಲಿ ಈ ಒಡಂಬಡಿಕೆಯನ್ನು ಅನುಮೋದಿಸಿವೆ. ಹಾಗಿದ್ದರೂ ಜೈಲು ಹೇಗೆ? ಪ್ರಕರಣ ಮೀನಿನ ಕಾನೂನಿನಲ್ಲಷ್ಟೇ ದಾಖಲಾಗುವುದಿಲ್ಲ. ಅನುಮತಿಯಿಲ್ಲದೆ ದೇಶದೊಳಕ್ಕೆ ಬಂದ ವಿದೇಶಿಯರು ಎಂಬ ಆರೋಪವೂ ಜೊತೆಗೆ ಸೇರುತ್ತದೆ. ಪಾಕಿಸ್ತಾನದಲ್ಲಿ ಅದಕ್ಕೆ ಬ್ರಿಟಿಷರ ಕಾಲದ 1946ರ ವಿದೇಶಿಯರ ಕಾಯ್ದೆ ಇದೆ. ಮೀನು ಹಿಡಿಯಲು ಹೋದವನು ಕಾಗದದ ಮೇಲೆ ನುಸುಳುಕೋರನಾಗುತ್ತಾನೆ. ಸಾಮಾನ್ಯವಾಗಿ ಕರಾಚಿಯ ಮಲೀರ್ ಜೈಲು ಸೇರುತ್ತಾನೆ.

ನ್ಯಾಯಾಲಯ ಕೊಡುವ ಶಿಕ್ಷೆ ಸಾಮಾನ್ಯವಾಗಿ ತಿಂಗಳುಗಳ ಲೆಕ್ಕದ್ದು. ವರ್ಷಗಳು ಸೇರಿಕೊಳ್ಳುವುದು ಅದಾದ ಮೇಲೆ.

ಮೊದಲ ತಡೆ ಗುರುತು. ಇವನು ನಮ್ಮವನೇ ಎಂದು ಭಾರತ ಬರೆದುಕೊಡದೆ ಪಾಕಿಸ್ತಾನ ಅವನನ್ನು ಗಡಿ ದಾಟಿಸಲಾರದು. ಹೈಕಮಿಷನ್ ಅಧಿಕಾರಿಗಳು ಜೈಲಿಗೆ ಹೋಗಿ ಹೆಸರು, ತಂದೆಯ ಹೆಸರು, ಊರು, ಪೊಲೀಸ್ ಠಾಣೆ ಬರೆದುಕೊಳ್ಳುತ್ತಾರೆ. ಆ ಹಾಳೆ ದೆಹಲಿಗೆ ಬಂದು, ಅಲ್ಲಿಂದ ರಾಜ್ಯಕ್ಕೆ, ಜಿಲ್ಲೆಗೆ, ಕೊನೆಗೆ ಠಾಣೆಗೆ ಇಳಿಯುತ್ತದೆ. ಕಾನ್‌ಸ್ಟೆಬಲ್ ಒಬ್ಬರು ಮನೆಗೆ ಹೋಗಿ ವಿಚಾರಿಸಿ ವರದಿ ಕೊಟ್ಟ ಮೇಲೆ ಅದೇ ಮೆಟ್ಟಿಲುಗಳನ್ನು ಮತ್ತೆ ಹತ್ತಬೇಕು. ಮೀನುಗಾರರ ವಿಷಯದಲ್ಲಿ ಇದು ಅಷ್ಟು ಕಷ್ಟವಲ್ಲ. ದೋಣಿಗೆ ನೋಂದಣಿ ಇದೆ, ಮಾಲೀಕನಿದ್ದಾನೆ, ಊರಿನಲ್ಲಿ ಕಾಯುವವರಿದ್ದಾರೆ. ನಿಜವಾದ ಸಂಕಟ ಮಾನಸಿಕವಾಗಿ ಅಸ್ವಸ್ಥರಾದವರದು, ಕಿವಿ ಕೇಳದ, ಮಾತು ಬಾರದವರದು. ಊರಿನ ಹೆಸರನ್ನೇ ಹೇಳಲಾಗದವನ ಹಾಳೆಯನ್ನು ಯಾವ ಠಾಣೆಗೆ ಕಳುಹಿಸುವುದು? ಭಾರತದ ಜೈಲುಗಳಲ್ಲಿ ಪಾಕಿಸ್ತಾನದವರೆಂದು ನಂಬಲಾದ 80 ಮಂದಿಯ ಬಿಡುಗಡೆ, ಅವರ ಪೌರತ್ವವನ್ನು ಪಾಕಿಸ್ತಾನ ಖಚಿತಪಡಿಸಿಲ್ಲವೆಂಬ ಕಾರಣಕ್ಕೆ ನಿಂತಿದೆ ಎಂದು ಭಾರತ 2025ರ ಜುಲೈನಲ್ಲಿ ಹೇಳಿತು. ನಮ್ಮವರೆಂದು ನಂಬಲಾದ 26 ಮಂದಿಯನ್ನು ಕಾಣಲು ಪಾಕಿಸ್ತಾನ ಅದುವರೆಗೆ ಬಿಟ್ಟಿರಲಿಲ್ಲ. ಯಾವ ದೇಶವೂ ತನ್ನವರೆಂದು ಹೇಳದ ಮನುಷ್ಯ ಜೈಲಿನಲ್ಲೇ ಮುದುಕನಾಗುತ್ತಾನೆ. ಇಡೀ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವವರು ಇವರು. ಅವರಿಗಾಗಿ ಒತ್ತಾಯಿಸಲು ಒಂದು ಊರಾದರೂ ಇಲ್ಲ.

ಹಾಳೆ ಓಡಾಡಿಸುವ ಜನರೂ ಕಡಿಮೆಯಾಗಿದ್ದಾರೆ. 2019ರ ಆಗಸ್ಟ್ ನಂತರ ಎರಡೂ ರಾಜಧಾನಿಗಳಲ್ಲಿ ಪೂರ್ಣ ಹೈಕಮಿಷನರ್ ಇಲ್ಲ. 2020ರಲ್ಲಿ ಸಿಬ್ಬಂದಿಯನ್ನು ಅರ್ಧಕ್ಕೆ ಇಳಿಸಲಾಯಿತು. ಪಹಲ್ಗಾಮ್ ದಾಳಿಯ ಬಳಿಕ, 2025ರ ಏಪ್ರಿಲ್‌ನಲ್ಲಿ, ಹೈಕಮಿಷನ್‌ಗಳ ಸಂಖ್ಯಾಬಲವನ್ನು 55ರಿಂದ 30ಕ್ಕೆ ತಗ್ಗಿಸುವ ತೀರ್ಮಾನವಾಯಿತು. ದೇಶಗಳು ಮುನಿಸಿಕೊಂಡಾಗ ಮೊದಲು ಕತ್ತರಿ ಬೀಳುವುದು, ಜೈಲಿಗೆ ಹೋಗಿ ಹೆಸರು ಬರೆದುಕೊಳ್ಳಬೇಕಾದ ಕಚೇರಿಗೇ.

ಆದರೂ ಗುರುತು ಮತ್ತು ಕಾಗದದ ತಡ ಕೆಲವು ತಿಂಗಳುಗಳನ್ನಷ್ಟೇ ವಿವರಿಸುತ್ತದೆ, ವರ್ಷಗಳನ್ನಲ್ಲ. ಶಿಕ್ಷೆಯೂ ಮುಗಿದು ಪೌರತ್ವವೂ ಖಚಿತವಾದವರು ಉಳಿದುಕೊಳ್ಳುವುದೇಕೆ ಎಂಬುದು ನಿಮ್ಮ ಪ್ರಶ್ನೆಯ ತಿರುಳು. ಬಿಡುಗಡೆಯ ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ, ಉತ್ತರ ಅಲ್ಲಿಯೇ ಕಾಣಿಸುತ್ತದೆ. 2014ರ ಮೇ ಕೊನೆಯಲ್ಲಿ ಪಾಕಿಸ್ತಾನ 151 ಮೀನುಗಾರರನ್ನು ಬಿಡಲು ಆದೇಶಿಸಿತು. ಮರುದಿನವೇ ಅಲ್ಲಿನ ಆಗಿನ ಪ್ರಧಾನಿ ನವಾಜ್ ಷರೀಫ್ ಅವರು ನರೇಂದ್ರ ಮೋದಿಯವರ ಪ್ರಮಾಣವಚನಕ್ಕೆ ದೆಹಲಿಗೆ ಬಂದರು. 2019ರ ಏಪ್ರಿಲ್‌ನಲ್ಲಿ, ಪುಲ್ವಾಮಾ ಮತ್ತು ಬಾಲಾಕೋಟ್‌ನ ಬಿಸಿ ಆರುವ ಮೊದಲೇ, ಸದ್ಭಾವನೆಯ ಹೆಸರಿನಲ್ಲಿ 360 ಕೈದಿಗಳನ್ನು ಕಂತುಗಳಲ್ಲಿ ಬಿಡುವುದಾಗಿ ಅದು ಘೋಷಿಸಿತು. ಸೆರೆಯಲ್ಲಿದ್ದವರ ಶಿಕ್ಷೆಯೆಲ್ಲ ಆ ವಾರವೇ ಮುಗಿದಿತ್ತೇ? ಇಲ್ಲ. ಸರ್ಕಾರಕ್ಕೆ ಏನನ್ನಾದರೂ ಹೇಳಬೇಕಾದ ವಾರ ಅದಾಗಿತ್ತು.

ಒಪ್ಪಂದ ಬಿಡುಗಡೆಯನ್ನು ಕರ್ತವ್ಯ ಎನ್ನುತ್ತದೆ, ಸರ್ಕಾರಗಳು ಅದನ್ನು ಉಡುಗೊರೆಯಂತೆ ಕೊಡುತ್ತವೆ. ಉಡುಗೊರೆ ಎಂದ ಮೇಲೆ ಅದಕ್ಕೊಂದು ಸಂದರ್ಭ ಬೇಕು, ಸಂದರ್ಭ ಬರುವ ತನಕ ಕೈಯಲ್ಲಿ ಸಾಕಷ್ಟು ಜನರಿರಬೇಕು. ಆ ಕಡೆಯವರು ಎಷ್ಟು ಬಿಟ್ಟರೋ ಈ ಕಡೆಯವರೂ ಅಷ್ಟು ಎಂಬ ಲೆಕ್ಕ ಬೇರೆ. ನಾವು ಮೊದಲು ಬಿಟ್ಟರೆ ನಮ್ಮವರನ್ನು ಬಿಡಿಸಿಕೊಳ್ಳಲು ಕೈಯಲ್ಲಿ ಏನು ಉಳಿಯುತ್ತದೆ ಎಂಬ ಯೋಚನೆ ಇಬ್ಬರಿಗೂ ಇದೆ. ಈ ಲೆಕ್ಕದಲ್ಲಿ ಮನುಷ್ಯ ಎಷ್ಟನೆಯವನು ಎಂಬುದಷ್ಟೇ ಮುಖ್ಯವಾಗುತ್ತದೆ.

ಮನಸ್ಸು ಮಾಡಿದರೆ ಎಷ್ಟು ಬೇಗ ಆಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. 2019ರ ಫೆಬ್ರುವರಿ 27ರಂದು ಸೆರೆಸಿಕ್ಕ ವಾಯುಪಡೆಯ ಅಧಿಕಾರಿ ಅಭಿನಂದನ್ ವರ್ಧಮಾನ್ ಮಾರ್ಚ್ 1ರಂದು ವಾಘಾದಲ್ಲಿ ಗಡಿ ದಾಟಿ ಬಂದರು. 2025ರ ಏಪ್ರಿಲ್ 23ರಂದು ತಪ್ಪಿ ಗಡಿ ದಾಟಿದ ಗಡಿ ಭದ್ರತಾ ಪಡೆಯ ಯೋಧರೊಬ್ಬರು ಮೇ 14ರಂದು ಅಟ್ಟಾರಿಯಲ್ಲಿ ಮರಳಿದರು. ನಡುವೆ ಒಂದು ಕದನವೇ ಮುಗಿದಿತ್ತು. ಸೈನಿಕರಿಗೆ ಬೇರೆ ನಿಯಮಗಳಿವೆ, ಹಿಂದೆ ಇಡೀ ದೇಶದ ಕಣ್ಣಿರುತ್ತದೆ, ನಿಜ. ಅವರು ಬೇಗ ಬಂದದ್ದು ನಮ್ಮೆಲ್ಲರ ಸಂತೋಷ. ಆದರೆ ಅದೇ ಗೇಟು, ಅದೇ ಎರಡು ಸರ್ಕಾರಗಳು. ಮೀನುಗಾರನಿಗೆ ಮಾತ್ರ ಪ್ರಕ್ರಿಯೆ ಮುಗಿದಿಲ್ಲ ಎಂದರೆ ನಂಬುವುದು ಹೇಗೆ?

ಲೆಕ್ಕಾಚಾರದಿಂದ ಕೈದಿಗಳನ್ನು ಹೊರಗಿಡಲು ಒಂದು ಒಳ್ಳೆಯ ಪ್ರಯತ್ನ ನಡೆದಿತ್ತು. 2007ರಲ್ಲಿ ಎರಡೂ ದೇಶಗಳ ನಿವೃತ್ತ ನ್ಯಾಯಮೂರ್ತಿಗಳ ಜಂಟಿ ಸಮಿತಿ ರಚನೆಯಾಯಿತು. ಭಾರತದ ನ್ಯಾಯಮೂರ್ತಿಗಳು ಪಾಕಿಸ್ತಾನದ ಜೈಲುಗಳಿಗೆ ಹೋದರು, ಪಾಕಿಸ್ತಾನದವರು ನಮ್ಮ ಜೈಲುಗಳಿಗೆ ಬಂದರು. ಕೈದಿಗಳ ಜೊತೆ ಮಾತನಾಡಿ ಶಿಫಾರಸು ಬರೆದರು. ಯಾರ ಬಳಿ ಎಷ್ಟು ಜನರಿದ್ದಾರೆ ಎನ್ನುವುದನ್ನು ಬಿಟ್ಟು, ಎದುರಿಗೆ ಕುಳಿತವನ ಸ್ಥಿತಿ ಏನು ಎಂದು ನೋಡುವ ವ್ಯವಸ್ಥೆ ಅದೊಂದೇ ಇತ್ತು. ಅದು ಕೊನೆಯ ಬಾರಿ ಸೇರಿದ್ದು 2013ರ ಅಕ್ಟೋಬರ್‌ನಲ್ಲಿ. ಮಹಿಳೆಯರು, ಮಾನಸಿಕ ಅಸ್ವಸ್ಥರು ಮತ್ತು 70 ವರ್ಷ ದಾಟಿದವರನ್ನು ಮೊದಲು ಬಿಡೋಣ, ಸಮಿತಿಗೆ ಮತ್ತೆ ಜೀವ ಕೊಡೋಣ ಎಂದು 2018ರಲ್ಲಿ ಇಬ್ಬರೂ ಒಪ್ಪಿದರು. ಮುಂದಿನ ವರ್ಷ ಸಂಬಂಧ ಹಳಸಿತು, ಮಾತು ಅಲ್ಲಿಗೇ ನಿಂತಿತು.

ಕಾನೂನಿನ ದಾರಿಯಲ್ಲಿ ಒಂದು ಗೆಲುವು ಸಿಕ್ಕಿದೆ. 2008ರ ಒಪ್ಪಂದದಲ್ಲಿ, ರಾಜಕೀಯ ಅಥವಾ ಭದ್ರತೆಯ ಕಾರಣಕ್ಕೆ ಬಂಧಿಸಿದ ಪ್ರಕರಣವನ್ನು ಆಯಾ ದೇಶ ತನ್ನ ವಿವೇಚನೆಯಂತೆ ಪರಿಶೀಲಿಸಬಹುದು ಎಂಬ ಕಲಮಿದೆ. ಬೇಹುಗಾರಿಕೆಯ ಆರೋಪದ ಮೇಲೆ ಪಾಕಿಸ್ತಾನ ಸೆರೆಯಲ್ಲಿಟ್ಟ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಇದನ್ನೇ ಗುರಾಣಿಯಾಗಿ ಹಿಡಿಯಿತು. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯ 2019ರ ಜುಲೈ 17ರಂದು ಆ ವಾದವನ್ನು ಒಪ್ಪಲಿಲ್ಲ. 1963ರ ವಿಯೆನ್ನಾ ಒಡಂಬಡಿಕೆ ಕೊಡುವ ಕಾನ್ಸುಲರ್ ಸಂಪರ್ಕದ ಹಕ್ಕನ್ನು ಎರಡು ದೇಶಗಳ ನಡುವಿನ ಒಪ್ಪಂದ ಮೊಟಕುಗೊಳಿಸುವುದಿಲ್ಲ ಎಂದಿತು. ಆ ತೀರ್ಪು ಒಬ್ಬರ ಪ್ರಕರಣದ್ದಾದರೂ, ಯಾರನ್ನೂ ಕಾಣಿಸದೆ ಕೂಡಿಹಾಕುವುದಕ್ಕೆ ಭದ್ರತೆಯ ನೆಪ ಸಾಲದು ಎಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಬಿಡುಗಡೆ ಆದ ದಿನವೂ ದಾರಿ ನೇರವಿಲ್ಲ. ಕರಾಚಿಯಿಂದ ಗುಜರಾತಿನ ದಡಕ್ಕೆ ಇರುವುದು ಅವರು ದುಡಿದ ಅದೇ ಸಮುದ್ರ. ಆದರೂ ಅವರನ್ನು ಸುಮಾರು 1,200 ಕಿಲೋಮೀಟರ್ ರೈಲಿನಲ್ಲಿ ಲಾಹೋರ್‌ಗೆ ಕರೆದೊಯ್ದು, ವಾಘಾದಲ್ಲಿ ಒಪ್ಪಿಸಿ, ಅಮೃತಸರದಿಂದ ಮತ್ತೆ ದಕ್ಷಿಣಕ್ಕೆ ಇಳಿಸಲಾಗುತ್ತದೆ. ಪಾಕಿಸ್ತಾನದೊಳಗಿನ ಪ್ರಯಾಣದ ಖರ್ಚನ್ನು ಅಲ್ಲಿನ ಈಧಿ ಪ್ರತಿಷ್ಠಾನ ಎಷ್ಟೋ ಬಾರಿ ಭರಿಸಿದೆ, ಕೈಗಿಷ್ಟು ಹಣ, ಬಟ್ಟೆ ಕೊಟ್ಟು ಕಳುಹಿಸಿದೆ. ಇದನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಮನುಷ್ಯ ಬರುತ್ತಾನೆ, ದೋಣಿ ಸಾಮಾನ್ಯವಾಗಿ ಬರುವುದಿಲ್ಲ. ಮಾಲೀಕನಿಗೆ ಅದು ಸಾಲ ಮಾಡಿ ಕಟ್ಟಿಸಿದ ದೋಣಿ. ಅದು ಆಚೆಯ ಬಂದರಿನಲ್ಲಿ ನೀರು ಕುಡಿದು ಕೊಳೆಯುತ್ತದೆ, ಸಾಲ ಈಚೆ ಬೆಳೆಯುತ್ತದೆ.

ಇಷ್ಟೆಲ್ಲದರ ನಡುವೆಯೂ ಭಾರತ ಸರ್ಕಾರದ ಲೆಕ್ಕದಂತೆ 2014ರಿಂದ 2025ರ ಜುಲೈ ತನಕ 2,661 ಮೀನುಗಾರರು ಮತ್ತು 71 ನಾಗರಿಕ ಕೈದಿಗಳು ಪಾಕಿಸ್ತಾನದಿಂದ ಮರಳಿದ್ದಾರೆ. ಮಾತುಕತೆ ವ್ಯರ್ಥ ಎನ್ನುವವರಿಗೆ ನಾನು ಈ ಸಂಖ್ಯೆಯನ್ನು ತೋರಿಸುತ್ತೇನೆ. ಅಷ್ಟು ಮನೆಗಳಲ್ಲಿ ಬಾಗಿಲು ತೆರೆದದ್ದು ಮಾತುಕತೆಯಿಂದಲೇ.

ಮುಂದಿನ ಪಟ್ಟಿ ಬಂದಾಗ ಸುದ್ದಿಯ ತಲೆಬರಹ ಒಟ್ಟು ಸಂಖ್ಯೆಯನ್ನು ಹೇಳುತ್ತದೆ. ಅದನ್ನು ಬಿಟ್ಟು ಕೆಳಗೆ ಹೋಗಿ, ಶಿಕ್ಷೆ ಪೂರೈಸಿದವರೆಷ್ಟು ಎಂಬ ಸಾಲನ್ನು ಹುಡುಕಿ. 2025ರ ಜನವರಿಯಲ್ಲಿ ಅದು 183 ಇತ್ತು. ಫೆಬ್ರುವರಿಯಲ್ಲಿ 22 ಮೀನುಗಾರರು ಮರಳಿದರು. ಜುಲೈನಲ್ಲಿ ಅದು 159. ಒಪ್ಪಂದದ ಒಂದು ತಿಂಗಳ ಗಡುವು ಪಾಲನೆಯಾಗುತ್ತಿದ್ದರೆ, ಹೊಸದಾಗಿ ಶಿಕ್ಷೆ ಮುಗಿಸಿದ ಕೆಲವೇ ಜನರನ್ನು ಬಿಟ್ಟು ಆ ಜಾಗದಲ್ಲಿ ಯಾರೂ ಇರುತ್ತಿರಲಿಲ್ಲ.