ಚಳಿಯಲ್ಲಿ ಸೈಕಲ್ ಸವಾರಿ: ಮೊದಲು ಮಂಡಿ ಮುಚ್ಚಿ

ನವೆಂಬರ್ ಮುಗಿಯುತ್ತ ಬಂದಂತೆ ಶಿವಮೊಗ್ಗದ ನನ್ನ ಫಿಸಿಯೋಥೆರಪಿ ಕೊಠಡಿಗೆ ಒಂದೇ ಬಗೆಯ ದೂರು ಮತ್ತೆ ಮತ್ತೆ ಬರತೊಡಗುತ್ತದೆ. ಮಂಡಿಚಿಪ್ಪಿನ ಸುತ್ತ ನೋವು. ಬೆಳಿಗ್ಗೆ ಸೈಕಲ್ ಹತ್ತಿದ ಮೊದಲ ಕೆಲವು ಕಿಲೋಮೀಟರ್ ಕಾಲು ಮಾತು ಕೇಳುವುದಿಲ್ಲ. ಮನೆಗೆ ಬಂದು ಸ್ವಲ್ಪ ಹೊತ್ತು ಕುಳಿತು ಎದ್ದರೆ ಬಿಗಿತ. ಏನು ಧರಿಸಿ ಹೋಗುತ್ತೀರಿ ಎಂದು ಕೇಳುತ್ತೇನೆ. ಮೈಗೆ ಸ್ವೆಟರ್, ಕಿವಿಗೆ ಮಫ್ಲರ್, ಕೈಗೆ ಗ್ಲೌಸ್. ಸೊಂಟದ ಕೆಳಗೆ ಮಾತ್ರ ಮಂಡಿಗಿಂತ ಮೇಲೆಯೇ ಮುಗಿಯುವ ಚಡ್ಡಿ. ‘ಕಾಲು ತುಳಿಯುತ್ತಲೇ ಇರುತ್ತದಲ್ಲ ಮೇಡಂ, ತಾನಾಗಿಯೇ ಬಿಸಿಯಾಗುತ್ತದೆ’ ಎನ್ನುತ್ತಾರೆ.

ಈ ಮಾತು ತೊಡೆಯ ಮಟ್ಟಿಗೆ ನಿಜ, ಮಂಡಿಯ ಮಟ್ಟಿಗೆ ಅಲ್ಲ. ನಾವು ತುಳಿಯುವಾಗ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಶೇ 20ರಿಂದ 25 ಮಾತ್ರ. ಪೆಡಲಿನಲ್ಲಿ 100 ವ್ಯಾಟ್ ಕಾಣಬೇಕಾದರೆ ಒಳಗೆ 400ರಿಂದ 500 ವ್ಯಾಟ್ ಉರಿಯಬೇಕು; ಮಿಕ್ಕದ್ದೆಲ್ಲ ಶಾಖವಾಗುತ್ತದೆ. ಈ ಶಾಖದ ಒಲೆ ಇರುವುದು ತೊಡೆ ಮತ್ತು ಪೃಷ್ಠದ ದೊಡ್ಡ ಸ್ನಾಯುಗಳಲ್ಲಿ. ಮಂಡಿಯ ಮುಂಭಾಗವನ್ನು ಕೈಯಿಂದ ಮುಟ್ಟಿ ನೋಡಿಕೊಳ್ಳಿ. ಚರ್ಮ, ಅದರಡಿ ತೆಳುವಾದ ಕೊಬ್ಬಿನ ಪದರ, ಮಂಡಿಚಿಪ್ಪು, ಅದನ್ನು ಕೆಳಗಿನ ಮೂಳೆಗೆ ಬಿಗಿದಿರುವ ಸ್ನಾಯುರಜ್ಜು, ಇಷ್ಟೇ. ಅಲ್ಲಿ ಉರಿಯುವುದಕ್ಕೆ ಸ್ನಾಯುವೇ ಇಲ್ಲ. ಸ್ನಾಯುವಿಗೆ ಹೋಲಿಸಿದರೆ ರಜ್ಜುವಿಗೆ ಹರಿಯುವ ರಕ್ತವೂ ತೀರ ಕಡಿಮೆ. ಸವಾರಿಯಲ್ಲಿ ಎದುರುಗಾಳಿಗೆ ನೇರವಾಗಿ ಒಡ್ಡಿಕೊಳ್ಳುವ ಭಾಗವೂ ಅದೇ.

ನಿಮಿಷಕ್ಕೆ 80 ಸುತ್ತಿನಂತೆ ತುಳಿದರೆ ಒಂದೊಂದು ಮಂಡಿಯೂ ಗಂಟೆಗೆ 4,800 ಸಲ ಮಡಚಿ ಬಿಡಿಸಿಕೊಳ್ಳುತ್ತದೆ. ತಣ್ಣಗಾದ ಕೀಲಿನ ದ್ರವ ಮಂದವಾಗುತ್ತದೆ, ರಜ್ಜು ಬಿಗಿಯಾಗುತ್ತದೆ. ಸ್ನಾಯುವಿನ ಉಷ್ಣತೆ ಒಂದು ಡಿಗ್ರಿ ಇಳಿದರೂ ಅದರ ಗರಿಷ್ಠ ಬಲ ಶೇ 3ರಿಂದ 5ರಷ್ಟು ತಗ್ಗುತ್ತದೆ. ಆದರೆ ಒಂದು ಭಯವನ್ನು ಇಲ್ಲಿಯೇ ಕಳೆಯಬೇಕು: ಚಳಿಯಿಂದ ಮಂಡಿ ಸವೆಯುವುದಿಲ್ಲ, ಚಳಿಯೊಂದರಿಂದಲೇ ಸಂಧಿವಾತ ಬರುವುದೂ ಇಲ್ಲ. ಬಿಗಿದ ಮಂಡಿಯಿಂದ ಭಾರಿ ಗೇರ್ ತುಳಿದಾಗ ರಜ್ಜು ಕೆರಳುತ್ತದೆ. ನನ್ನ ಬಳಿ ಬರುವ ನೋವಿನಲ್ಲಿ ಹೆಚ್ಚಿನ ಪಾಲು ಇಂಥದ್ದು, ಮತ್ತು ಅದನ್ನು ತಡೆಯುವುದು ಕಷ್ಟವಲ್ಲ.

ನಮ್ಮ ಊರಿನ ಚಳಿ ದೊಡ್ಡದೇನಲ್ಲ ಎಂಬ ವಾದವನ್ನೂ ಕೇಳುತ್ತಿರುತ್ತೇನೆ. ಡಿಸೆಂಬರ್–ಜನವರಿಯ ಮುಂಜಾನೆ ಶಿವಮೊಗ್ಗದಲ್ಲಿ ಸಾಮಾನ್ಯವಾಗಿ 14–16 ಡಿಗ್ರಿ ಇರುತ್ತದೆ. ಅಂಗಳದಲ್ಲಿ ನಿಂತು ಕಾಫಿ ಕುಡಿಯುವವರಿಗೆ ಅದು ಹಿತವಾದ ಚಳಿ. ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಹೋಗುವವರಿಗೆ ಅದೇ ಚಳಿ ಬೇರೆ. ಚರ್ಮಕ್ಕೆ ಅಂಟಿಕೊಂಡಿರುವ ಬೆಚ್ಚಗಿನ ಗಾಳಿಯ ತೆಳುಪದರವನ್ನು ಎದುರುಗಾಳಿ ಎಳೆದುಕೊಂಡು ಹೋಗುತ್ತಲೇ ಇರುತ್ತದೆ. ಅದಕ್ಕೆ ಬೆವರೂ ಸೇರಿದರೆ ಶಾಖ ಇನ್ನೂ ಬೇಗ ಸೋರಿಹೋಗುತ್ತದೆ. ಮಲೆನಾಡಿನಲ್ಲಿ ಕಾಲು ತಣ್ಣಗಾಗುವುದು ಥರ್ಮಾಮೀಟರಿನಿಂದಲ್ಲ, ಗಾಳಿ ಮತ್ತು ತೇವದಿಂದ. ಇದನ್ನು ಒಪ್ಪಿಕೊಂಡರೆ ಏನು ಧರಿಸಬೇಕು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತೆ.

ನಮ್ಮ ನೆಲದ ಏರಿಳಿತವನ್ನೂ ಗಮನಿಸಬೇಕು. ಚಿತ್ರದುರ್ಗ, ದಾವಣಗೆರೆಯ ಬಯಲಿನಲ್ಲಿ ಸವಾರ ಒಂದೇ ಸಮನೆ ತುಳಿಯುತ್ತಾನೆ, ಒಂದೇ ಸಮನೆ ಬಿಸಿಯಾಗಿರುತ್ತಾನೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹಾಗಲ್ಲ. ಏರು ಹತ್ತುವಾಗ ಬೆವರು ಸುರಿಯುತ್ತದೆ, ತುದಿ ದಾಟಿದ ಕೂಡಲೇ ಇಳಿಜಾರು. ಅಲ್ಲಿ ತುಳಿತ ನಿಲ್ಲುತ್ತದೆ, ಅಂದರೆ ಶಾಖ ಹುಟ್ಟುವುದು ನಿಲ್ಲುತ್ತದೆ. ವೇಗ ಮಾತ್ರ ಇಮ್ಮಡಿಯಾಗುತ್ತದೆ. ಇಳಿಜಾರಿನ ಬುಡದಲ್ಲಿ ಅಡಿಕೆ ತೋಟ, ಗದ್ದೆ, ಹಳ್ಳ. ರಾತ್ರಿಯಿಡೀ ಗುಡ್ಡದ ಮೈಯಿಂದ ಜಾರಿ ಇಳಿದ ತಂಪುಗಾಳಿ ಭಾರವಾದ್ದರಿಂದ ಬಂದು ನಿಂತಿರುವುದು ಅಲ್ಲಿಯೇ. ಬೆವತ ಕಾಲು, ನಿಂತ ತುಳಿತ, ಹೆಚ್ಚಿದ ವೇಗ, ಕಣಿವೆಯ ಮಂಜು ಎಲ್ಲವೂ ಒಂದೇ ಜಾಗದಲ್ಲಿ ಕೂಡುತ್ತವೆ. ಆಮೇಲೆ ಮತ್ತೆ ಏರು. ಮರಗಟ್ಟಿದ ಮಂಡಿಯಿಂದಲೇ ಅದನ್ನು ತುಳಿಯಬೇಕು. ಗಾಜನೂರು, ಸಕ್ರೆಬೈಲು, ಮಂಡಗದ್ದೆಯ ಮೂಲಕ ತುಂಗೆಯ ಪಕ್ಕದಲ್ಲಿ ಸಾಗುವ ದಾರಿಯಲ್ಲಿ ಹೊಳೆಯ ಮಂಜು ಕೂಡ ಇದಕ್ಕೆ ಸೇರಿಕೊಳ್ಳುತ್ತದೆ.

ಆದ್ದರಿಂದ ಘಾಟಿಗೆ ಹೋಗುವವರಿಗೆ ನಾನು ಒತ್ತಿ ಹೇಳುವುದು, ಇಳಿಯಲು ಶುರುಮಾಡುವ ಮೊದಲೇ ಹೊದಿಕೆ ಹಾಕಿಕೊಳ್ಳಿ ಎಂದು. ಸೂರ್ಯೋದಯ ನೋಡಲು ಕುಂದಾದ್ರಿಯ ಕಡಿದಾದ ರಸ್ತೆಯನ್ನು ಹತ್ತಿದವರು, ಆಗುಂಬೆಯ 14 ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವವರು ತುದಿಯಲ್ಲಿ ಇನ್ನೂ ಬಿಸಿಯಾಗಿರುತ್ತಾರೆ, ಹೊದಿಕೆ ಬೇಡವೆನಿಸುತ್ತದೆ. ಮೂರನೆಯ ತಿರುವಿನಲ್ಲಿ ಚಳಿ ಹೊಕ್ಕರೆ ಅಲ್ಲಿ ನಿಲ್ಲಲು ಜಾಗವಿರುವುದಿಲ್ಲ. ಇಳಿಯುವಾಗ ಪೆಡಲನ್ನು ಒಂದೇ ಸ್ಥಿತಿಯಲ್ಲಿ ಹಿಡಿದಿಡದೆ, ಬಲ ಹಾಕದೆ ಸುಮ್ಮನೆ ತಿರುಗಿಸುತ್ತಿರಿ. ತಿರುವು ಬಂದಾಗ ನಿಲ್ಲಿಸಿ, ನೇರ ದಾರಿ ಸಿಕ್ಕಾಗ ತಿರುಗಿಸಿ. ರಕ್ತ ಓಡಾಡುತ್ತಿದ್ದರೆ ಮುಂದಿನ ಏರಿಗೆ ಕಾಲು ಸಿದ್ಧವಾಗಿರುತ್ತದೆ.

ಏನನ್ನು ಧರಿಸಬೇಕು? ಸೈಕ್ಲಿಂಗ್ ತರಬೇತುದಾರರಲ್ಲಿ ಹಳೆಯದೊಂದು ನಿಯಮವಿದೆ: ಉಷ್ಣತೆ 18 ಡಿಗ್ರಿಗಿಂತ ಕಡಿಮೆಯಿದ್ದರೆ ಮಂಡಿ ಮುಚ್ಚಿರಬೇಕು. ಈ ಲೆಕ್ಕದಲ್ಲಿ ನಮ್ಮ ಚಳಿಗಾಲದ ಬಹುಪಾಲು ಬೆಳಗುಗಳಲ್ಲಿ ಮಂಡಿ ಮುಚ್ಚಬೇಕಾಗುತ್ತದೆ. ಸೈಕಲ್ ಅಂಗಡಿಗಳಲ್ಲಿ ಸಿಗುವ ಲೆಗ್ ವಾರ್ಮರ್ ಒಳ್ಳೆಯ ಸಾಧನ. ಅದು ತೊಡೆಯಿಂದ ಹರಡಿನವರೆಗೆ ಬರುವ, ಪಾದವಿಲ್ಲದ ಬಟ್ಟೆಯ ಕೊಳವೆ. ಬಿಸಿಲೇರಿದ ಮೇಲೆ ಕಳಚಿ ಜೇಬಿಗೆ ಹಾಕಿಕೊಳ್ಳಬಹುದು. ಮಂಡಿಯನ್ನಷ್ಟೇ ಮುಚ್ಚುವ ಗಿಡ್ಡ ಕೊಳವೆಯೂ ಸಿಗುತ್ತದೆ. ನಮ್ಮ ಚಳಿಗೆ ಅಷ್ಟು ಸಾಕು. ದುಡ್ಡು ಕೊಡಲು ಮನಸ್ಸಿಲ್ಲದವರು ಫುಟ್‌ಬಾಲ್ ಆಟಗಾರರ ಉದ್ದ ಕಾಲುಚೀಲದ ಪಾದದ ಭಾಗವನ್ನು ಕತ್ತರಿಸಿ ಮಂಡಿಯ ಮೇಲಕ್ಕೆ ಎಳೆದುಕೊಳ್ಳಬಹುದು. ಮಂಡಿಯ ಹಿಂದೆ ಮುದುಡಿ ಉಜ್ಜದಂತೆ ನೋಡಿಕೊಂಡರೆ ಆಯಿತು.

ನನಗೆ ಇದಕ್ಕಿಂತಲೂ ಇಷ್ಟವಾದ ಉಪಾಯ ಊರಿನ ಟೈಲರ್ ಬಳಿ ಆಗುವಂಥದ್ದು. ಗಾಳಿ ಬಡಿಯುವುದು ಕಾಲಿನ ಮುಂಭಾಗಕ್ಕೆ ಮಾತ್ರ. ಮೈಗೆ ಹತ್ತುವ ಹಳೆಯ ಟ್ರ್ಯಾಕ್ ಪ್ಯಾಂಟೊಂದನ್ನು ಕೊಟ್ಟು, ತೊಡೆಯ ನಡುವಿನಿಂದ ಮಂಡಿಯ ಕೆಳಗೆ ಒಂದು ಗೇಣಿನವರೆಗೆ ಮುಂಭಾಗಕ್ಕೆ ಮಾತ್ರ ತೆಳುವಾದ ನೈಲಾನ್ ಬಟ್ಟೆ ಹೊಲಿಸಿ. ಹರಿದ ವಿಂಡ್‌ಚೀಟರಿನ ಬೆನ್ನಿನ ತುಂಡು ಇದಕ್ಕೆ ಸಾಕು. ಮಂಡಿ ಮಡಚಿ ಕುಳಿತು ಅಳತೆ ಕೊಡಿ. ನಿಂತು ಕೊಟ್ಟ ಅಳತೆಯಲ್ಲಿ ಹೊಲಿದರೆ ತುಳಿಯುವಾಗ ಮಂಡಿಯ ಮೇಲೆ ಎಳೆಯುತ್ತದೆ. ಹಿಂಭಾಗ ಹಾಗೆಯೇ ಇರಲಿ, ಬೆವರು ಹೊರಹೋಗಬೇಕು. ಇಡೀ ಕಾಲನ್ನು ಪ್ಲಾಸ್ಟಿಕ್ ರೇನ್‌ಕೋಟಿನ ಪ್ಯಾಂಟಿನಲ್ಲಿ ಮುಚ್ಚಿದರೆ ಅರ್ಧ ಗಂಟೆಯಲ್ಲಿ ಒಳಗೆಲ್ಲ ಬೆವರಿನ ನೀರು.

ಬಟ್ಟೆಯ ವಿಷಯದಲ್ಲಿ ಹತ್ತಿಯನ್ನು ನಾನು ಶಿಫಾರಸು ಮಾಡುವುದಿಲ್ಲ. ಬೇಸಿಗೆಯಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ, ನಿಜ. ಆದರೆ ಹತ್ತಿ ನೀರನ್ನು ಕುಡಿದು ಬಿಡುವುದೇ ಇಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ನೆನೆದು ಚರ್ಮಕ್ಕಂಟಿದ ಹತ್ತಿಯ ಪ್ಯಾಂಟು ಬರಿಗಾಲಿಗಿಂತ ಹೆಚ್ಚು ಚಳಿ ಹಿಡಿಸಬಲ್ಲದು. ಉಣ್ಣೆಯ ಗುಣ ಬೇರೆ. ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು ಎಳೆಯೊಳಗೆ ಹೀರಿಕೊಂಡೂ ಅದು ಮೈಗೆ ಒದ್ದೆ ಎನಿಸುವುದಿಲ್ಲ. ಕಂಬಳಿಕೊಪ್ಪೆ ಹೊದ್ದು ಸುರಿಯುವ ಮಳೆಯಲ್ಲಿ ದಿನವಿಡೀ ನಾಟಿ ಮಾಡಿದ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಂಬಳಿ ಹೊದ್ದು ಸೈಕಲ್ ತುಳಿಯಲಾಗದು, ಆದರೆ ತೆಳುವಾದ ಉಣ್ಣೆಯ ಕಾಲುಚೀಲ ಒಂದು ಜೊತೆ ಎಲ್ಲರ ಬಳಿಯೂ ಇರಬೇಕು.

ಇನ್ನು ಮಡ್‌ಗಾರ್ಡ್. ಕಾಲು ಬೆಚ್ಚಗಿಡುವ ಮಾತಿಗೂ ಮಡ್‌ಗಾರ್ಡಿಗೂ ಏನು ಸಂಬಂಧ ಎಂದು ಕೇಳಿದವರಿದ್ದಾರೆ. ಈಗ ಬರುವ ಗೇರ್ ಸೈಕಲ್‌ಗಳಲ್ಲಿ ಬಹುಪಾಲಿಗೆ ಅದು ಇರುವುದೇ ಇಲ್ಲ. ಚಂದ ಕೆಡುತ್ತದೆ ಎಂದು ಯುವಕರು ಹಾಕಿಸುವುದೂ ಇಲ್ಲ. ಇಬ್ಬನಿಗೆ ಒದ್ದೆಯಾದ ರಸ್ತೆಯಲ್ಲಿ ಮುಂದಿನ ಚಕ್ರ ಎರಚುವ ನೀರು ನೇರವಾಗಿ ಬೀಳುವುದು ಪಾದ ಮತ್ತು ಮುಂಗಾಲಿನ ಮೇಲೆ. ಮಳೆಗಾಲದಲ್ಲಂತೂ ಆಕಾಶದಿಂದ ಬೀಳುವ ನೀರು ನಿಂತ ಮೇಲೂ ಚಕ್ರ ಎರಚುತ್ತಲೇ ಇರುತ್ತದೆ. ಉದ್ದನೆಯ ಮುಂದಿನ ಮಡ್‌ಗಾರ್ಡ್, ಅದರ ತುದಿಗೆ ನೆಲಕ್ಕೆ ಒಂದು ಗೇಣು ಇರುವಂತೆ ತೂಗುಬಿಟ್ಟ ರಬ್ಬರ್ ತುಂಡು, ಇವೆರಡು ಮಾಡುವ ಉಪಕಾರವನ್ನು ದುಬಾರಿ ಬಟ್ಟೆಯೂ ಮಾಡದು. ನನ್ನ ಬಳಿ ಬರುವ ಸವಾರರಿಗೆಲ್ಲ ಇದನ್ನು ಹಟ ಹಿಡಿದು ಹೇಳುತ್ತೇನೆ.

ಪಾದ ತಣ್ಣಗಾಗುತ್ತದೆ ಎನ್ನುವವರು ಎದೆಯ ಕಡೆಗೂ ನೋಡಬೇಕು. ಎದೆ, ಹೊಟ್ಟೆ ತಣ್ಣಗಾದರೆ ದೇಹ ಒಳಗಿನ ಶಾಖವನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಆಗ ಎರಡೆರಡು ಕಾಲುಚೀಲ ಹಾಕಿದರೂ ಪ್ರಯೋಜನ ಕಡಿಮೆ. ಬಿಗಿದ ಶೂ ರಕ್ತವನ್ನು ಇನ್ನಷ್ಟು ತಡೆಯುತ್ತದೆ. ಯುರೋಪಿನ ರೇಸ್ ಸವಾರರು ಪರ್ವತದ ತುದಿಯಲ್ಲಿ ದಿನಪತ್ರಿಕೆಯ ಹಾಳೆಗಳನ್ನು ಜೆರ್ಸಿಯೊಳಗೆ ಎದೆಗೆ ಇಟ್ಟುಕೊಂಡು ಇಳಿಯುತ್ತಿದ್ದರು. ಹಳ್ಳಿಯ ಯಾವ ಅಂಗಡಿಯಲ್ಲಿ ಕೇಳಿದರೂ ಒಂದು ಹಳೆಯ ಪೇಪರ್ ಸಿಗುತ್ತದೆ.

ಎಣ್ಣೆ ಮತ್ತು ಮುಲಾಮುಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಚಳಿಗೆ ಬಾಟಲಿಯಲ್ಲೇ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಕರಗಿಸಿ ತಿಕ್ಕಿಕೊಂಡರೆ ತಿಕ್ಕಿದ್ದರಿಂದ ಸ್ವಲ್ಪ ಬಿಸಿಯಾಗುತ್ತದೆ, ಚರ್ಮ ಒಡೆಯುವುದಿಲ್ಲ. ಗಾಳಿಯನ್ನು ಮಾತ್ರ ಅದು ತಡೆಯದು. ಮೆಂಥಾಲ್, ಕರ್ಪೂರ ಇರುವ ನೋವಿನ ಮುಲಾಮು ಚರ್ಮದ ನರಗಳನ್ನು ಕೆರಳಿಸಿ ಬಿಸಿಯ ಅಥವಾ ತಂಪಿನ ಭಾವನೆ ಕೊಡುತ್ತದೆ. ಒಳಗಿನ ರಜ್ಜುವಿನ ಉಷ್ಣತೆ ಇದ್ದಷ್ಟೇ ಇರುತ್ತದೆ. ಮುಲಾಮು ಹಚ್ಚಿದ ಜಾಗಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟ ಗಾಯವಾಗುತ್ತದೆ. ಔಷಧದಂಗಡಿಯ ಎಲಾಸ್ಟಿಕ್ ಮಂಡಿಪಟ್ಟಿ ನಡೆಯುವವರಿಗೆ ಆಧಾರ ಕೊಡಲು ಇರುವಂಥದ್ದು. ಗಂಟೆಗಟ್ಟಲೆ ತುಳಿಯುವಾಗ ಅದು ಮಂಡಿಯ ಹಿಂದೆ ಮಡಚಿ ಒತ್ತುತ್ತದೆ, ಮಂಡಿಚಿಪ್ಪನ್ನು ಅದುಮುತ್ತದೆ. ಬೆಚ್ಚಗಿಡಲು ಅದನ್ನು ಬಳಸುವುದು ಬೇಡ.

ಬಟ್ಟೆ ಎಷ್ಟೇ ಚೆನ್ನಾಗಿರಲಿ, ಮೊದಲ ಕಾಲು ಗಂಟೆ ಹಗುರ ಗೇರಿನಲ್ಲಿ ವೇಗವಾಗಿ ತುಳಿಯಿರಿ. ಮನೆಯ ಎದುರೇ ಏರು ಇದ್ದರೆ ಸೈಕಲ್ ಹತ್ತುವ ಮೊದಲು ಹತ್ತು ನಿಮಿಷ ಬಿರುಸಾಗಿ ನಡೆಯಿರಿ. ಬೆಚ್ಚಗಾದ ಮೇಲೂ ಮಂಡಿಯ ಮುಂಭಾಗದ ನೋವು ಉಳಿದರೆ ಚಳಿಯನ್ನು ದೂರುವುದು ಬಿಟ್ಟು ಸೀಟಿನ ಎತ್ತರ ನೋಡಿ. ಪೆಡಲ್ ಅತಿ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಆಗಲೂ ಮಂಡಿ ಮಡಚಿಕೊಂಡೇ ಇದ್ದರೆ ಸೀಟು ತಗ್ಗಾಗಿದೆ ಎಂದೇ ಅರ್ಥ. ಮಂಡಿಚಿಪ್ಪಿನ ಮೇಲೆ ಒತ್ತಡ ಹೆಚ್ಚುತ್ತದೆ. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡಂತಾದರೆ, ತುಳಿಯುವಾಗ ಮೀನಖಂಡದಲ್ಲಿ ಹಿಡಿದಂಥ ನೋವು ಬಂದು ನಿಂತ ಕೂಡಲೇ ಹೋಗುತ್ತಿದ್ದರೆ ವೈದ್ಯರನ್ನು ಕಾಣಿ. ಕೊನೆಯದು ರಕ್ತನಾಳ ಕಟ್ಟಿಕೊಳ್ಳುತ್ತಿರುವುದರ ಲಕ್ಷಣವಿರಬಹುದು. ಬೀಡಿ, ಸಿಗರೇಟು ಸೇದುವವರು ಇದನ್ನು ಅಲಕ್ಷಿಸಲೇಬಾರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಸವಾರಿಯ ನಂತರ ಬಚ್ಚಲ ಹಂಡೆಯ ಬಿಸಿನೀರನ್ನು ನೇರವಾಗಿ ಕಾಲಿಗೆ ಸುರಿದುಕೊಳ್ಳದೆ, ಮೊದಲು ಮೊಣಕೈಯಿಂದ ಬಿಸಿ ಪರೀಕ್ಷಿಸಿಕೊಳ್ಳಬೇಕು.

ನನಗೆ ಅತಿ ಹೆಚ್ಚು ಕಾಳಜಿ ಇರುವುದು ಹವ್ಯಾಸಿ ಸವಾರರ ಬಗ್ಗೆ ಅಲ್ಲ, ಶಾಲೆಯ ಮಕ್ಕಳ ಬಗ್ಗೆ. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ಮಲೆನಾಡಿನ ಒಳದಾರಿಗಳಲ್ಲಿ ಎಷ್ಟೋ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಸೈಕಲ್ ತುಳಿದು ಪ್ರೌಢಶಾಲೆ ಮುಗಿಸಿದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗೆ ಬರುವ ಮಕ್ಕಳು ಒದ್ದೆ ಕಾಲುಚೀಲ, ಒದ್ದೆ ಶೂಗಳಲ್ಲೇ ಸಂಜೆಯವರೆಗೆ ಬೆಂಚಿನ ಮೇಲೆ ಕೂರುತ್ತಾರೆ. ಬೆರಳ ಸಂದು ಬಿಳಿಚಿ ಹುಣ್ಣಾಗುವುದು, ಮೀನಖಂಡ ಹಿಡಿದುಕೊಳ್ಳುವುದು ಇದರಿಂದಲೇ. ಪೋಷಕರು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಒಣ ಕಾಲುಚೀಲ, ಸಣ್ಣ ಟವೆಲ್ ಕಟ್ಟಿ ಕೊಡಲಿ. ದಾರಿಯಲ್ಲಿ ಮಕ್ಕಳು ರಬ್ಬರ್ ಚಪ್ಪಲಿಯಲ್ಲಿ ಬಂದು ಶಾಲೆಯಲ್ಲಿ ಕಾಲೊರೆಸಿ ಶೂ ಹಾಕಿಕೊಳ್ಳಲು ಶಿಕ್ಷಕರು ಅವಕಾಶ ಕೊಡಲಿ. ಸಮವಸ್ತ್ರದ ಲಂಗದ ಕೆಳಗೆ ಉದ್ದನೆಯ ಲೆಗ್ಗಿಂಗ್ಸ್ ತೊಟ್ಟರೆ ಮಂಡಿಗೂ ಗಾಳಿ ಬಡಿಯುವುದಿಲ್ಲ, ದಾರಿಯಲ್ಲಿ ಇಂಬಳವೂ ಸುಲಭವಾಗಿ ಹತ್ತುವುದಿಲ್ಲ. ಬಣ್ಣ ಸಮವಸ್ತ್ರಕ್ಕೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಬಿಚ್ಚಿಸುವ ಶಾಲೆಗಳು ಕನಿಷ್ಠ ಮಳೆಗಾಲದ ನಾಲ್ಕು ತಿಂಗಳು ಆ ನಿಯಮವನ್ನು ಸಡಿಲಿಸಬೇಕು.